ಪಿಕಪ್ಪಿನ ಎಂಜಿನ್ ಟ್ಯೂನ್ ಮಾಡಿಸಿ ಎಳೆತ ಪಡೆದದ್ದು: ನನ್ನ ಅನುಭವ

ಟ್ಯೂನರ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಎಳೆತ ಹೆಚ್ಚಿಸುವ ಸಾಧನ) ಹಾಕಿದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಹೋಗುತ್ತೆ, ಗಾಳಿ ತುಂಬುವ ಟರ್ಬೊ ಹೋಗುತ್ತೆ, ಕೊನೆಗೆ ಡೀಸೆಲ್ ಸುಡೋದು ಬಿಟ್ಟರೆ ಬೇರೇನೂ ಸಿಗಲ್ಲ. ನನಗೆ ಹೀಗೆ ಹೇಳದವರೇ ಇರಲಿಲ್ಲ. ಗಾಡಿ ಮುಟ್ಟಿ ಬದುಕುವ ಮೆಕ್ಯಾನಿಕ್‌ಗಳೂ ಇದನ್ನೇ ಹೇಳಿದರು. ಈಗ ಅದೇ ಗಾಡಿ ಅರ್ಧ ಟನ್ ಲೋಡ್ ಹೊತ್ತು, ಮೊದಲು ಮೂರಕ್ಕೆ ಇಳಿಸಲೇಬೇಕಿದ್ದ ಏರನ್ನು ನಾಲ್ಕನೇ ಗೇರಿನಲ್ಲೇ ಹತ್ತುತ್ತಿದೆ. ಟ್ಯೂನ್ ಆದಮೇಲೆ ಸುಮಾರು 40,000 ಕಿ.ಮೀ. ಓಡಿದೆ. ಇಂಜೆಕ್ಟರ್ ಅವೇ, ಟರ್ಬೊ ಅದೇ. ಅದಕ್ಕೇ ಬರೆಯಲು ಕೂತಿದ್ದೇನೆ. ಕಾಮನ್ ರೈಲ್, ವಿಜಿಟಿ ಬಗ್ಗೆ ಉದ್ದನೆ ಪಾಠ ಇಲ್ಲಿಲ್ಲ. ಬಾನೆಟ್ ಎತ್ತಿ ಗೊತ್ತಿರುವವರಿಗೆ ಬರೆದದ್ದು ಇದು.

ಗಾಡಿ 3.0 ಲೀಟರ್ ನಾಲ್ಕು ಸಿಲಿಂಡರ್ ಡೀಸೆಲ್, ಮ್ಯಾನುಯಲ್ ಗೇರ್, ವಿಜಿಟಿ ಟರ್ಬೊ (ಒಳಗೆ ವೇನ್ ಅನ್ನುವ ರೆಕ್ಕೆಗಳು ಮುಚ್ಚಿ ತೆರೆದು ಎಕ್ಸಾಸ್ಟ್ ಹರಿವನ್ನು ಹೊಂದಿಸುವಂಥದ್ದು), ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದೆ. ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಕಂಪನಿ ಲೆಕ್ಕದಲ್ಲಿ 380 ಎನ್‌ಎಂ ಆಸುಪಾಸು. ಮೇಲಿನ ಆರ್‌ಪಿಎಂನಲ್ಲಿ ನನಗೆ ದೂರೇ ಇರಲಿಲ್ಲ. ಕಾಟ ಕೊಡುತ್ತಿದ್ದದ್ದು 1500ರಿಂದ 2000ದ ನಡುವೆ. ಓವರ್‌ಟೇಕ್‌ಗೆ ಅಂತ ಪೂರ್ತಿ ತುಳಿದರೆ ಗಾಡಿ ಒಂದೆರಡು ಸೆಕೆಂಡ್ ಯೋಚನೆ ಮಾಡಿ ಆಮೇಲೆ ಎಳೆಯುತ್ತಿತ್ತು. ಹಾಗಾಗಿ 0–100 ಅಳೆಯುವುದನ್ನು ಮೊದಲೇ ಬಿಟ್ಟೆ. ಅದರಲ್ಲಿ ಕ್ಲಚ್ ಬಿಡುವ ಕಾಲಿನ ಕೈಚಳಕವೇ ಅರ್ಧ. ನಾನು ಅಳೆದದ್ದು ನಾಲ್ಕನೇ ಗೇರಿನಲ್ಲಿ 60ರಿಂದ 100 ಕಿ.ಮೀ. ವೇಗಕ್ಕೆ ಏರುವ ಸಮಯ: ಒಂದೇ ಲೋಡ್, ಒಂದೇ ಸಮತಟ್ಟು ರಸ್ತೆ, ಎರಡೂ ದಿಕ್ಕಿಗೆ, ಎದುರು ಯಾರೂ ಇಲ್ಲದ ಹೊತ್ತು. ಕಂಪನಿ ಸ್ಥಿತಿಯಲ್ಲಿ ಹನ್ನೊಂದು, ಹನ್ನೊಂದೂವರೆ ಸೆಕೆಂಡ್ ಬರುತ್ತಿತ್ತು.

ಮೊದಲು ದುಡ್ಡು ಹೋದದ್ದು ಪೆಡಲ್ ಬಾಕ್ಸಿಗೆ. ಒಂದು ಒಳ್ಳೆ ಟೈರಿನ ಬೆಲೆ. ಕಾಲು ಇಟ್ಟ ತಕ್ಷಣ ಗಾಡಿ ನೆಗೆಯುತ್ತೆ, ಓಡಿಸಿದ ಪ್ರತಿಯೊಬ್ಬರೂ ಹೊಗಳಿದರು. ಸ್ಟಾಪ್‌ವಾಚ್ ಮಾತ್ರ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಅದು ಮಾಡುವುದು ಆಕ್ಸಿಲರೇಟರ್ ನೂರಕ್ಕೆ 30 ಭಾಗ ತುಳಿದದ್ದನ್ನು 60 ಅಂತ ಇಸಿಯುಗೆ (ಎಂಜಿನ್ ಕಂಪ್ಯೂಟರಿಗೆ) ಹೇಳುವುದು, ಅಷ್ಟೇ. ಪೂರ್ತಿ ತುಳಿದಾಗ ನೂರು ನೂರೇ. ಅರ್ಧ ಬೆಲೆಗೆ ಮಾರಿದೆ.

ಆಮೇಲೆ ರೈಲ್ (ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆ) ಪ್ರೆಶರ್ ಸೆನ್ಸರಿಗೆ ಸಿಕ್ಕಿಸುವ ಟ್ಯೂನಿಂಗ್ ಬಾಕ್ಸ್. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ. ಪೆಟ್ಟಿಗೆಯ ಕೆಲಸ ಸುಳ್ಳು ಹೇಳುವುದು. ರೈಲಿನಲ್ಲಿ 1500 ಬಾರ್ ಇದ್ದರೆ 1350 ಅಂತ ತೋರಿಸುತ್ತೆ, ಇಸಿಯು ಗಾಬರಿಯಾಗಿ ಪಂಪಿಗೆ ಇನ್ನಷ್ಟು ಒತ್ತಡ ಕೇಳುತ್ತೆ. ನಾಜಲ್ಲಿನಿಂದ ಬರುವ ಡೀಸೆಲ್ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುವುದರಿಂದ, ಒತ್ತಡ ನೂರಕ್ಕೆ 10 ಭಾಗ ಏರಿಸಿದರೆ ಡೀಸೆಲ್ ಸಿಗುವುದು 5 ಭಾಗ ಜಾಸ್ತಿ ಮಾತ್ರ. ಆ 5 ಭಾಗಕ್ಕೆ ಪಂಪು, ಸೀಲು, ಇಂಜೆಕ್ಟರ್ ಎಲ್ಲವೂ 10 ಭಾಗ ಹೆಚ್ಚು ಒತ್ತಡ ತಿನ್ನುತ್ತವೆ. ನನಗೆ ಈ ಲೆಕ್ಕ ಸರಿಬರಲಿಲ್ಲ. ಮೇಲಾಗಿ ಹೆಚ್ಚಿಗೆ ಹೋದ ಡೀಸೆಲ್ ಇಸಿಯುಗೆ ಗೊತ್ತೇ ಇರುವುದಿಲ್ಲ. ಹಾಗಾಗಿ ಅದರ ಸ್ಮೋಕ್ ಲಿಮಿಟ್ (ಗಾಳಿಗೆ ತಕ್ಕಷ್ಟೇ ಡೀಸೆಲ್ ಬಿಡುವ ಮಿತಿ), ಟಾರ್ಕ್ ಲೆಕ್ಕ ಎಲ್ಲ ಅಡಿಮೇಲು.

ಡ್ಯಾಶ್‌ಬೋರ್ಡಿನ ಮೈಲೇಜ್ ಮೀಟರಂತೂ ಸುಳ್ಳಿನ ಮೇಲೆ ಸುಳ್ಳು. ಬಾಕ್ಸ್ ಹಾಕಿದ ಮೇಲೆ ಲೀಟರಿಗೆ ಅರ್ಧ ಕಿ.ಮೀ. ಜಾಸ್ತಿ ತೋರಿಸಿತು. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ನೋಡಿದರೆ ಅಷ್ಟೇ ಕಮ್ಮಿ ಬಂದಿತ್ತು. ‘ಬಾಕ್ಸ್ ಹಾಕಿದೆ, ಮೈಲೇಜೂ ಹೆಚ್ಚಾಯ್ತು’ ಅನ್ನುವವರು ದಯವಿಟ್ಟು ಒಮ್ಮೆ ಟ್ಯಾಂಕಿನ ಲೆಕ್ಕ ಹಾಕಿ ನೋಡಿ.

ಬಾಕ್ಸಿನಿಂದ ಸುಮಾರು ಒಂದು ಸೆಕೆಂಡ್ ಇಳಿಯಿತು ಅನ್ನುವುದು ನಿಜ. ಆದರೆ ಉದ್ದನೆ ಏರಿನಲ್ಲಿ ಲೋಡ್ ಇದ್ದಾಗ ಚೆಕ್ ಲೈಟ್ ಹತ್ತಿ ಗಾಡಿ ಲಿಂಪ್ ಮೋಡಿಗೆ (ಎಂಜಿನ್ ಕಾಪಾಡಲು ಶಕ್ತಿ ಕಡಿತ) ಹೋಗುತ್ತಿತ್ತು. ಕೋಡ್ ಪಿ0088, ರೈಲ್ ಪ್ರೆಶರ್ ಅತಿಯಾಗಿದೆ ಅಂತ. ಬಾಕ್ಸಿನ ಸೆಟ್ಟಿಂಗ್ ಇಳಿಸಿದರೆ ಲೈಟ್ ಹೋಗುತ್ತಿತ್ತು, ಎಳೆತವೂ ಜೊತೆಗೇ ಹೋಗುತ್ತಿತ್ತು. ರೈಲಿನ ರಿಲೀಫ್ ವಾಲ್ವ್ ಒಮ್ಮೆ ತೆರೆದರೆ ಕೆಲವು ಸಲ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಆಮೇಲೆ ಸ್ಟಾರ್ಟಿಂಗ್ ಟ್ರಬಲ್ ಶುರು, ಪಿ0087 (ರೈಲ್ ಪ್ರೆಶರ್ ಸಾಲದು ಅನ್ನುವ ಕೋಡ್) ಶುರು. ಆ ಹಂತ ಮುಟ್ಟುವ ಮುಂಚೆಯೇ ಬಾಕ್ಸ್ ಬಿಚ್ಚಿ ಇಟ್ಟೆ. ಇದರಲ್ಲಿ ಹೋದದ್ದು ಎರಡು ಟೈರಿನ ದುಡ್ಡು, ವಾಪಸ್ ಬಂದದ್ದು ಅದರ ಮೂರನೇ ಒಂದು ಭಾಗ.

ದಾರಿ ತೋರಿಸಿದ್ದು ಯಾವ ಟ್ಯೂನರೂ ಅಲ್ಲ, ಅಗ್ಗದ ಒಬಿಡಿ ಅಡಾಪ್ಟರ್ (ಇಸಿಯು ಅಂಕಿಗಳನ್ನು ಓದುವ ಸಾಧನ) ಮತ್ತು ಫೋನು. ಪೂರ್ತಿ ತುಳಿದು ಲಾಗ್ ತೆಗೆದು, ಇಸಿಯು ಕೇಳಿದ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಮತ್ತು ಸಿಕ್ಕ ಬೂಸ್ಟ್ ಎರಡೂ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. 1700 ಆರ್‌ಪಿಎಂ ಹತ್ತಿರ ಇಸಿಯು 1.2 ಬಾರ್ ಕೇಳುತ್ತಿದೆ, ಸಿಗುತ್ತಿರುವುದು 0.8. ಎರಡೂ ಗೆರೆ ಸೇರುವುದು 2000 ದಾಟಿದ ಮೇಲೆ. ಗಾಳಿ ಇಲ್ಲದ ಕಡೆ ಸ್ಮೋಕ್ ಲಿಮಿಟ್ ಡೀಸೆಲ್ಲನ್ನು ತಡೆದು ಹಿಡಿದಿದೆ. ಹಾಗಿದ್ದ ಮೇಲೆ ಇಲ್ಲಿ ಡೀಸೆಲ್ ಹೆಚ್ಚಿಸಿ ಏನು ಪ್ರಯೋಜನ?

ಗಾಳಿ ಎಲ್ಲಿ ಹೋಗುತ್ತಿದೆ ಅಂತ ಹುಡುಕಿದೆ. ಟರ್ಬೊ ಬಾಯಿಗೆ ಪ್ಲಗ್ ಹಾಕಿ, ರೆಗ್ಯುಲೇಟರ್ ಇಟ್ಟು ಒಂದು ಬಾರ್ ಗಾಳಿ ಕೊಟ್ಟು, ಸೋಪು ನೀರು ಹಚ್ಚಿದೆ. ಟರ್ಬೊ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರಿನ ಬಿಸಿ ಕಡೆಯ ಹೋಸಿನ ಕೆಳಗೆ, ಕ್ಲಾಂಪ್ ಪಟ್ಟಿಯ ಅಂಚಿನಲ್ಲಿ, ಕಪ್ಪಗೆ ಎಣ್ಣೆ ಒಸರಿದ ಒಂದು ಗೆರೆ ಇತ್ತು. ಅಲ್ಲೇ ನೊರೆ ಬುಸಬುಸ ಎದ್ದಿತು. ಮೇಲಿಂದ ನೋಡಿದರೆ ಜನ್ಮದಲ್ಲಿ ಕಾಣುವ ಜಾಗವಲ್ಲ. ಹೋಸು ಬದಲಿಸಿ ಟಿ-ಬೋಲ್ಟ್ ಕ್ಲಾಂಪ್ ಹಾಕಿದೆ. ವಿಜಿಟಿ ವೇನುಗಳಿಗೆ ಮಸಿ ಕಟ್ಟಿ ಅವನ್ನು ತಿರುಗಿಸುವ ಆಕ್ಚುಯೇಟರ್ ತಡವರಿಸುತ್ತಿತ್ತು, ಟರ್ಬೊ ಇಳಿಸಿ ತೊಳೆಸಿದೆ. ಖರ್ಚು ಟ್ಯೂನಿಂಗ್ ಬಾಕ್ಸಿನ ಅರ್ಧವೂ ಆಗಲಿಲ್ಲ. ಸಮಯ ಹತ್ತು ಸೆಕೆಂಡಿನ ಹತ್ತಿರ ಬಂತು, ಅಂದರೆ ಬಾಕ್ಸು ಕೊಟ್ಟಷ್ಟನ್ನು ಹೋಸು ಮತ್ತು ತೊಳೆಯುವ ಕೂಲಿಯೇ ಕೊಟ್ಟವು. ಲೀಕ್ ಇರುವ ಗಾಡಿಗೆ ಟ್ಯೂನ್ ಹಾಕಿದರೆ, ಕೊರತೆ ಬಿದ್ದ ಬೂಸ್ಟ್ ತುಂಬಲು ಟರ್ಬೊ ಇನ್ನೂ ಜೋರಾಗಿ ತಿರುಗುತ್ತೆ. ‘ಟ್ಯೂನ್ ಮಾಡಿಸಿದೆ, ಟರ್ಬೊ ಹೋಯ್ತು’ ಅನ್ನುವ ಕಥೆಗಳಲ್ಲಿ ಅರ್ಧಕ್ಕರ್ಧ ಇದೇ ಇರಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಆಮೇಲೆ ಕೈಯಲ್ಲಿ ಹಿಡಿಯುವ ಫ್ಲ್ಯಾಶ್ ಟ್ಯೂನರ್ ತಂದೆ. ಒಬಿಡಿ ಪೋರ್ಟಿನಿಂದಲೇ ಕಂಪನಿ ಫೈಲ್ ಓದಿ ಇಟ್ಟುಕೊಂಡು ಹೊಸ ಮ್ಯಾಪ್ (ಡೀಸೆಲ್, ಗಾಳಿಯ ಲೆಕ್ಕದ ಕೋಷ್ಟಕ) ಬರೆಯುವಂಥದ್ದು. ಬೆಲೆ ನಾಲ್ಕು ಟೈರ್ ಮತ್ತು ಅಲೈನ್‌ಮೆಂಟ್ ಸೇರಿದಷ್ಟು. ಜೊತೆಗೆ ಬಂದ ರೆಡಿ ಫೈಲ್ ಹಾಕಿದಾಗ ಗಾಡಿ ನಿಜಕ್ಕೂ ಹಾರಿತು. ಎರಡೇ ವಾರದಲ್ಲಿ ಐದನೇ ಗೇರಿನಲ್ಲಿ 1800ರಲ್ಲಿ ತುಳಿದರೆ ಆರ್‌ಪಿಎಂ ಮುಳ್ಳು ಮೇಲೇರುತ್ತೆ, ಸ್ಪೀಡ್ ಮುಳ್ಳು ಇದ್ದಲ್ಲೇ ಇರುತ್ತೆ. ಲಕ್ಷ ಕಿ.ಮೀ. ದಾಟಿದ್ದ ಕ್ಲಚ್ಚು ಕೈಕೊಟ್ಟಿತು. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್, ಡ್ಯುಯಲ್ ಮಾಸ್ ಫ್ಲೈವೀಲ್, ಮೇಲೆ ಕೂಲಿ. ಇಡೀ ಕೆಲಸದಲ್ಲಿ ದೊಡ್ಡ ಬಿಲ್ಲು ಇದೇ, ಟ್ಯೂನರಿನ ಎರಡರಷ್ಟು.

ಆ ಫೈಲಿನ ಇನ್ನೊಂದು ಕೊರತೆಯನ್ನು ಡಿಪಿಎಫ್ ಹೇಳಿತು. ಡಿಪಿಎಫ್ ಇದ್ದರೆ ಹೊಗೆ ಕಣ್ಣಿಗೆ ಬೀಳುವುದಿಲ್ಲ, ಮಸಿಯೆಲ್ಲ ಅಲ್ಲೇ ಕೂರುತ್ತೆ. ಮೊದಲು ಸುಮಾರು 400 ಕಿ.ಮೀ.ಗೆ ಒಮ್ಮೆ ರೀಜನ್ (ಕೂತ ಮಸಿಯನ್ನು ಸುಟ್ಟು ತೆಗೆಯುವ ಕೆಲಸ) ಆಗುತ್ತಿದ್ದದ್ದು 200ಕ್ಕೇ ಆಗತೊಡಗಿತು. ರೀಜನ್ ಮೇಲಿಂದ ಮೇಲೆ ಆದರೆ ಎಂಜಿನ್ ಆಯಿಲಿಗೆ ಡೀಸೆಲ್ ಬೆರೆಯುತ್ತೆ, ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರುತ್ತೆ. ಡಿಪಿಎಫ್ ಕಿತ್ತು ಪೈಪ್ ಹಾಕಿ ಅಂದವರಿದ್ದರು. ಅದು ಕಾನೂನಿಗೆ ವಿರುದ್ಧ ಅನ್ನುವುದು ಹಾಗಿರಲಿ, ಮ್ಯಾಪ್ ಎಷ್ಟು ಸ್ವಚ್ಛ ಅಂತ ಹೇಳುವ ಇಷ್ಟು ಒಳ್ಳೆ ಮೀಟರನ್ನು ಯಾರು ಕಿತ್ತು ಎಸೆಯುತ್ತಾರೆ? ನಾನು ಡಿಪಿಎಫ್ಫನ್ನೂ, ಎಕ್ಸಾಸ್ಟ್ ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ವಾಪಸ್ ಕಳಿಸುವ ಇಜಿಆರ್‌ನ್ನೂ ಮುಟ್ಟಲಿಲ್ಲ. ಹೊಗೆ ಪರೀಕ್ಷೆ ಈಗಲೂ ಸಲೀಸಾಗಿ ಪಾಸ್.

ಮುಂದಿನ ಹೆಜ್ಜೆಗೆ ಮುಂಚೆ ಎಕ್ಸಾಸ್ಟ್ ಟೆಂಪರೇಚರ್ ಗೇಜ್ ಹಾಕಿದೆ. ಪ್ರೋಬ್ ಟರ್ಬೊಗೆ ಮುಂಚೆಯೇ ಇರಬೇಕು. ಟರ್ಬೊ ದಾಟಿದ ಮೇಲೆ ಅಳೆದರೆ ಲೋಡಿನಲ್ಲಿ ನೂರು, ನೂರೈವತ್ತು ಡಿಗ್ರಿ ಕಮ್ಮಿ ತೋರಿಸಿ ಸಮಾಧಾನ ಮಾಡುತ್ತೆ. ಮ್ಯಾನಿಫೋಲ್ಡ್ ಬಿಚ್ಚಿ ಹೊರಗಿಟ್ಟೇ ತೂತು ಹೊಡೆದು ಟ್ಯಾಪ್ ಹಾಕಿಸಿದೆ. ಗಾಡಿಯಲ್ಲೇ ಇಟ್ಟು, ಡ್ರಿಲ್ ಬಿಟ್ಟಿಗೆ ಗ್ರೀಸ್ ಹಚ್ಚಿ ತೂತು ಹೊಡೆಯುವವರಿದ್ದಾರೆ. ಒಂದೇ ಒಂದು ಲೋಹದ ಚೂರು ಟರ್ಬೈನ್ ಬ್ಲೇಡಿಗೆ ಬಿದ್ದರೆ ಗತಿಯೇನು? ಕಂಪನಿ ಮ್ಯಾಪಿನಲ್ಲಿ ಲೋಡ್ ಏರಿನಲ್ಲಿ 620–630 ಡಿಗ್ರಿ. ರೆಡಿ ಫೈಲಿನಲ್ಲಿ 760 ದಾಟಿ ಇನ್ನೂ ಏರುತ್ತಿತ್ತು, ನಾನೇ ಕಾಲು ತೆಗೆದೆ. ಪಿಸ್ಟನ್ ಅಲ್ಯೂಮಿನಿಯಮ್ಮಿನದು ಅನ್ನುವುದು ನೆನಪಿರಲಿ. ತುಸು ಹೊತ್ತು 750 ಸರಿ, ನಿರಂತರವಾಗಿ 700ರ ಒಳಗೆ ಅಂತ ನನಗೆ ನಾನೇ ಗೆರೆ ಹಾಕಿಕೊಂಡೆ.

ಆಮೇಲೆ ಲಾಗ್ ನೋಡಿ ಮ್ಯಾಪ್ ಬರೆದು ಕಳಿಸುವ ಒಬ್ಬ ಟ್ಯೂನರನ್ನು ಹಿಡಿದೆ. ಅವರಿಗೆ ಮೊದಲೇ ಹೇಳಿದ್ದು ಇಷ್ಟು: ಮೇಲಿನ ಪವರ್ ನನಗೆ ಬೇಡ, 3000 ಆದಮೇಲೆ ಕಂಪನಿ ಮ್ಯಾಪಿನ ಹತ್ತಿರಕ್ಕೇ ಇಳಿಸಿ, 1500ರಿಂದ 2500ರ ನಡುವೆ ಕೆಲಸ ಮಾಡಿ, ಗಾಳಿ ಮೊದಲು, ಡೀಸೆಲ್ ಆಮೇಲೆ. ಅವರಿಗೇ ಇದು ವಿಚಿತ್ರ ಅನ್ನಿಸಿತು. ಎಲ್ಲರೂ ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಶೀಟಿನಲ್ಲಿ ದೊಡ್ಡ ಅಂಕಿ ಕೇಳುತ್ತಾರಂತೆ. ಮೊದಲ ಫೈಲಿನಲ್ಲಿ ಒಂದು ಹನಿ ಡೀಸೆಲ್ ಕೂಡ ಹೆಚ್ಚಿಸಲಿಲ್ಲ. ವಿಜಿಟಿ ವೇನ್ ಡ್ಯೂಟಿ ಮಾತ್ರ ಬದಲಿಸಿದರು, ಕೆಳಗಿನ ಆರ್‌ಪಿಎಂನಲ್ಲಿ ವೇನ್ ಇನ್ನಷ್ಟು ಮುಚ್ಚಿರುವಂತೆ. ಬೂಸ್ಟ್ ಬರುವುದು 1800ರಿಂದ 1600ಕ್ಕೆ ಇಳಿಯಿತು. ಗಾಳಿ ಇದೆ ಅಂತ ಕಂಡದ್ದೇ ಕಂಪನಿ ಸ್ಮೋಕ್ ಲಿಮಿಟ್ಟೇ ಹೆಚ್ಚು ಡೀಸೆಲ್ ಬಿಟ್ಟಿತು. ವೇನ್ ಎಷ್ಟು ಮುಚ್ಚಿಸಿದೆವು, ಯಾವ ಆರ್‌ಪಿಎಂನಲ್ಲಿ ಬಿಡಿಸಿದೆವು ಅನ್ನುವ ಅಂಕಿ ನನ್ನಲ್ಲೇ ಇರಲಿ. ಅತಿಯಾದರೆ ಬ್ಯಾಕ್ ಪ್ರೆಶರ್ ಏರಿ ಎಕ್ಸಾಸ್ಟ್ ಬಿಸಿಯಾಗುತ್ತೆ, ಗೇಜ್ ನೋಡಿಕೊಂಡು ನೀವೇ ಹುಡುಕಬಹುದು.

ಆಮೇಲೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ಟಾರ್ಕ್ ಲಿಮಿಟ್ ಏರಿಸಿದೆವು. ಬೂಸ್ಟ್ 1.4 ಬಾರ್‌ಗೆ ನಿಲ್ಲಿಸಿದೆವು, ರೈಲ್ ಪ್ರೆಶರ್ ಕಂಪನಿಯ ಮೇಲ್ಮಿತಿ ಮೀರಲೇ ಇಲ್ಲ. ಒಂದು ಮತ್ತು ಎರಡನೇ ಗೇರಿನ ಲಿಮಿಟ್ ಹಾಗೇ ಬಿಟ್ಟೆವು, ಗೇರ್‌ಬಾಕ್ಸಿಗೆ ಏಟು ಬೀಳುವುದೇ ಅಲ್ಲಿ. ಪ್ರತಿ ಫೈಲಿಗೂ ಅದೇ ರಸ್ತೆ, ಅದೇ ಲೋಡ್, ಅದೇ ಹೊತ್ತು. ಎರಡು ಬದಲಾವಣೆ ಒಟ್ಟಿಗೆ ಮಾಡಲು ನಾನು ಬಿಡಲಿಲ್ಲ. ಪೆಡಲ್ ಮ್ಯಾಪಿನಲ್ಲಿ ಮಾಡಿದ ಒಂದು ಕೆಲಸವಿದೆ, ಲೋಡ್ ಗಾಡಿ ಏರಿನಲ್ಲಿ ಹೊರಡುವಾಗ ಬೆಣ್ಣೆಯಂತೆ ಹೊರಡುತ್ತೆ. ಅದನ್ನೂ ಸದ್ಯಕ್ಕೆ ಬಿಚ್ಚಿ ಹೇಳುವುದಿಲ್ಲ.

ಫೈಲ್ ಬರೆಯುವಾಗ ಬ್ಯಾಟರಿಗೆ ಸಪೋರ್ಟ್ ಚಾರ್ಜರ್ ಹಾಕದೆ ಕೂರಬೇಡಿ. ವೋಲ್ಟೇಜ್ ಬಿದ್ದು ಬರೆಯುವುದು ಅರ್ಧಕ್ಕೆ ನಿಂತರೆ ಇಸಿಯು ಬಿಚ್ಚಿ ರಿಪೇರಿ ಬೆಂಚಿಗೆ ಕಳಿಸಬೇಕು. ಎಸಿ ಫ್ಯಾನು, ಲೈಟು, ಮ್ಯೂಸಿಕ್ ಎಲ್ಲ ಆಫ್.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಎಣ್ಣೆ ಹಚ್ಚುವ ಕಾಟನ್ ಏರ್ ಫಿಲ್ಟರ್ ಹಾಕಿದೆ, ಎಣ್ಣೆ ಒಳಗೆ ಹೋಗುವ ಗಾಳಿ ಅಳೆಯುವ ಎಂಎಎಫ್ ಸೆನ್ಸರಿಗೆ ಕೂತು ಗಾಳಿಯ ಲೆಕ್ಕ ಕೆಡಿಸಿತು. ಸೆನ್ಸರ್ ತೊಳೆದು ಪೇಪರ್ ಫಿಲ್ಟರಿಗೇ ವಾಪಸಾದೆ. ದುಬಾರಿ ಡೀಸೆಲ್ ಕೆಲವು ಟ್ಯಾಂಕ್ ಹಾಕಿದೆ, ಸ್ಟಾಪ್‌ವಾಚಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ನಿಜವಾಗಿ ಕೆಲಸ ಮಾಡಿದ್ದು ಟೈರು. ಹಿಂದಿನವರು 265/70 ಆರ್17 ಹಾಕಿಸಿದ್ದರು, ಕಂಪನಿ ಅಳತೆ 265/65. ದಪ್ಪ ಟೈರಿನ ವ್ಯಾಸ 803 ಮಿ.ಮೀ., ಕಂಪನಿಯದು 776. ಅಂದರೆ ಗೇರ್ ನೂರಕ್ಕೆ ಮೂರೂವರೆ ಭಾಗ ಉದ್ದವಾದಂತೆ, ಜೊತೆಗೆ ಚಕ್ರದ ಅಂಚಿನಲ್ಲಿ ತೂಕ. ಸವೆದ ಮೇಲೆ ಕಂಪನಿ ಅಳತೆಗೇ ಬಂದೆ, ಏನೂ ಟ್ಯೂನ್ ಮಾಡದೆ ಮೂರನೇ ಒಂದು ಸೆಕೆಂಡಿನಷ್ಟು ಸಿಕ್ಕಿತು. ಸ್ಪೀಡೋಮೀಟರ್ ವ್ಯತ್ಯಾಸ ಸೇರಬಾರದು ಅಂತ ಸಮಯವನ್ನೆಲ್ಲ ಜಿಪಿಎಸ್ಸಿನಲ್ಲೇ ಅಳೆದದ್ದು.

ಈಗಿನ ಲೆಕ್ಕ ಹೀಗಿದೆ. 60ರಿಂದ 100, ನಾಲ್ಕನೇ ಗೇರ್, ಅರ್ಧ ಟನ್ ಲೋಡ್: ಎಂಟೂವರೆ ಸೆಕೆಂಡ್, ಬಿಸಿಲಲ್ಲಿ ಒಂಬತ್ತು. ಟಾರ್ಕ್ 450ರ ಹತ್ತಿರ ಇದೆ ಅನ್ನುವುದು ಟ್ಯೂನರ್ ಹಾಕಿದ ಲೆಕ್ಕ, ಡೈನೋ ಮೇಲೆ ಹತ್ತಿಸಿಲ್ಲ. ಅದೇ ಏರಿನಲ್ಲಿ ಎಕ್ಸಾಸ್ಟ್ 690 ಡಿಗ್ರಿ. ರೀಜನ್ ಮತ್ತೆ 380–400 ಕಿ.ಮೀ.ಗೆ ಬಂದಿದೆ. ಟ್ಯಾಂಕ್ ಲೆಕ್ಕದ ಮೈಲೇಜ್ ಮೊದಲಿನಷ್ಟೇ, ಆತುರದಲ್ಲಿ ಓಡಿಸಿದರೆ ಕಮ್ಮಿ. ಕ್ಲಚ್ ಬಿಟ್ಟು ಹಾಕಿದ ದುಡ್ಡೆಲ್ಲ ಕೂಡಿಸಿದರೆ ಎರಡು ಸೆಟ್ ಟೈರಿನ ಬೆಲೆ ದಾಟುತ್ತೆ, ಅದರಲ್ಲಿ ಮೂರನೇ ಒಂದು ಭಾಗ ಪೆಡಲ್ ಬಾಕ್ಸು, ಟ್ಯೂನಿಂಗ್ ಬಾಕ್ಸಿನ ಪಾಲು. ಈ ಬರಹ ಓದಿದವರಿಗೆ ಆ ಪಾಲು ಉಳಿಯಿತು.

ವಾರಂಟಿ ಇರುವ ಗಾಡಿಗೆ ಇದನ್ನು ಮಾಡಿಸಬೇಡಿ. ಕಂಪನಿ ಫೈಲ್ ವಾಪಸ್ ಬರೆದರೂ ಎಷ್ಟು ಸಲ ಫ್ಲ್ಯಾಶ್ ಆಗಿದೆ ಅನ್ನುವ ಲೆಕ್ಕ ಹಲವು ಇಸಿಯುಗಳಲ್ಲಿ ಉಳಿದಿರುತ್ತೆ. ಆಯಿಲ್ ನಾನು ಕಂಪನಿ ಹೇಳಿದ ಅಂತರದ ಮುಕ್ಕಾಲಿಗೇ ಬದಲಿಸುತ್ತೇನೆ. ಇನ್ನು ಉಳಿದಿರುವುದು ಇಂಟರ್‌ಕೂಲರ್. ಎಂಜಿನ್ ಮೇಲೆ ಕೂರುವ ಜಾತಿ ಅದು. ಟ್ರಾಫಿಕ್ಕಿನಲ್ಲಿ ನಿಂತು ಹೊರಟರೆ ಒಳಗೆ ಹೋಗುವ ಗಾಳಿ 70 ಡಿಗ್ರಿ ಮುಟ್ಟುತ್ತೆ. ಮುಂದಕ್ಕೆ ಸರಿಸುವ ಕಿಟ್ಟಿಗೆ ಪೈಪು ಉದ್ದವಾಗಿ ಲ್ಯಾಗ್ (ತುಳಿದ ಮೇಲೆ ಎಳೆತ ಬರಲು ಆಗುವ ತಡ) ವಾಪಸ್ ಬರುತ್ತೆ ಅಂತ ಈಗಲೇ ಹೇಳುತ್ತಿದ್ದಾರೆ. ಪೈಪಿನ ಅಳತೆ ಹಾಕಿ ಇಟ್ಟಿದ್ದೇನೆ, ಮಳೆ ಮುಗಿದ ಮೇಲೆ ಕೂರಿಸಿ ಲಾಗ್ ತೆಗೆಯುತ್ತೇನೆ.