ಬ್ರಿಟನ್ನಿನ ಸಮೀಕ್ಷೆ ಕೈಗೆ ಬಂದರೆ ಹೀಗೆ ಓದಿ

ನನ್ನ ಅಕ್ಕನ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಹೋದ ತಿಂಗಳು ಗೋಣಿಕೊಪ್ಪದಿಂದ ಅಕ್ಕ ಫೋನ್ ಮಾಡಿ, "ಅಲ್ಲಿಯ ಜನಕ್ಕೆ ಹೊರಗಿನವರು ಬೇಡವಂತೆ, ಸಮೀಕ್ಷೆಯಲ್ಲಿ ಬಂದಿದೆ" ಅಂತ ಅತ್ತೇ ಬಿಟ್ಟಳು. ವಾಟ್ಸಾಪಿನಲ್ಲಿ ಬಂದ ಒಂದು ತಲೆಬರಹ, ಅಷ್ಟೇ. ಇಬ್ಬರೂ ಕೂತು ಅದರ ಮೂಲ ಹುಡುಕಿ ಓದಿದೆವು. ಮಕ್ಕಳು ಅಲ್ಲಿರುವ ಮನೆಯವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನೋಡಬೇಕಾದ್ದು, ಯಾರನ್ನು ಕೇಳಿದ್ದಾರೆ ಅಂತ. ಕಾಫಿ ಮಾರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯಾಪಾರಿ ನೂರು ಮೂಟೆಯನ್ನೂ ಸುರಿದು ನೋಡುವುದಿಲ್ಲ, ಬೇರೆ ಬೇರೆ ಮೂಟೆಯಿಂದ ಹಿಡಿ ಹಿಡಿ ತೆಗೆದು ಬೆರೆಸಿ ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದ ಮೇಲೆ ಎಷ್ಟು ಬೀಜ ಸಿಗುತ್ತದೆ ಅಂತ, ನೋಡುತ್ತಾನೆ. ಒಂದೇ ಮೂಟೆಯಿಂದ ಎಷ್ಟು ಕಿಲೋ ತೆಗೆದರೂ ಲೆಕ್ಕ ತಪ್ಪೇ. ಸಮೀಕ್ಷೆಯೂ ಹಾಗೇ. ಸರಿಯಾಗಿ ಆರಿಸಿದ 1000 ಜನ ಸಾಕು, ಉತ್ತರ ಸುಮಾರು ಶೇಕಡಾ 3 ಅಂಶ ಆಚೀಚೆ ಇರುತ್ತದೆ. ಹಾಗಾಗಿ ಶೇ. 44 ಇದ್ದದ್ದು 46 ಆಯಿತು ಅಂತ ಯಾರಾದರೂ ಕೂಗಿದರೆ ಸುಮ್ನೆ ಇರಿ. ಆರಿಸಿದ್ದೇ ತಪ್ಪಾದರೆ ಮಾತ್ರ ಏನು ಮಾಡಿದರೂ ಸರಿಹೋಗದು: ಬ್ರಿಟನ್ನಿನ 2015ರ ಚುನಾವಣೆಯಲ್ಲಿ ಕನ್ಸರ್ವೇಟಿವ್, ಲೇಬರ್ ಎರಡು ದೊಡ್ಡ ಪಕ್ಷಗಳೂ ಸರಿಸಮ ಅಂತ ಸಮೀಕ್ಷೆಗಳು ಹೇಳಿದ್ದವು, ಕನ್ಸರ್ವೇಟಿವ್ ಪಕ್ಷ 6 ಅಂಶಕ್ಕೂ ಜಾಸ್ತಿ ಮುಂದೆ ಬಂತು, ಆಮೇಲೆ ತನಿಖೆ ಮಾಡಿದರೆ ಕೇಳಿದವರಲ್ಲಿ ಲೇಬರ್ ಕಡೆಯವರೇ ಜಾಸ್ತಿ ಸೇರಿಕೊಂಡಿದ್ದರು.

ಇದನ್ನೆಲ್ಲ ನಾವೇ ನೋಡಬಹುದು. ಬ್ರಿಟಿಷ್ ಪೋಲಿಂಗ್ ಕೌನ್ಸಿಲ್ ಅಂತ 2004ರಿಂದ ಒಂದು ಸಂಘ ಇದೆ. ಅದರ ಸದಸ್ಯ ಕಂಪನಿಗಳು ಕೇಳಿದ ಪ್ರಶ್ನೆಯನ್ನೂ ಉತ್ತರದ ಪಟ್ಟಿಯನ್ನೂ ಪ್ರಕಟಿಸಲೇಬೇಕು. ಸುದ್ದಿಯಲ್ಲಿ ಕಂಪನಿ ಹೆಸರು ನೋಡಿಕೊಂಡು ಅವರ ವೆಬ್‌ಸೈಟಿಗೆ ಹೋಗಿ ಪಟ್ಟಿ ತೆರೆಯಿರಿ. ಜಿಬಿ (ಗ್ರೇಟ್ ಬ್ರಿಟನ್, ಅಂದರೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್) ಅಂತ ಇದ್ದರೆ ಉತ್ತರ ಐರ್ಲೆಂಡಿನವರನ್ನು ಕೇಳಿಲ್ಲ. ವೇಲ್ಸ್ ಜನ ಹೀಗಂದರು ಅಂತ ಇದ್ದರೆ ಇನ್ನೂ ಹುಷಾರು, 1000 ಜನರಲ್ಲಿ ಅವರು ಸುಮಾರು 50 ಜನ ಮಾತ್ರ. ಮಳೆ ಜಾಸ್ತಿಯ ಭಾಗಮಂಡಲದಲ್ಲಿ ಅಳೆದು ಮಳೆ ಕಡಿಮೆಯ ಕುಶಾಲನಗರದ ಲೆಕ್ಕ ಹೇಳಿದ ಹಾಗೆ ಆಗಬಾರದು, ಅಲ್ವಾ?

ಆಮೇಲೆ ಪ್ರಶ್ನೆ. ಇಲ್ಲಿ ನಿಧಾನವಾಗಿ ಓದಿ. ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಇರಬೇಕೇ ಅಂತ ನಡೆದ ಜನಮತಗಣನೆಗೆ ಮೊದಲು ಬರೆದ ಪ್ರಶ್ನೆ, "ಸದಸ್ಯರಾಗಿ ಉಳಿಯಬೇಕೇ?" ಅಂತ. ಹೌದು ಅಥವಾ ಇಲ್ಲ ಅನ್ನಬೇಕಿತ್ತು. ಅದು ಉಳಿಯುವ ಕಡೆ ವಾಲುತ್ತದೆ ಅಂತ ಅಲ್ಲಿನ ಚುನಾವಣಾ ಆಯೋಗವೇ 2015ರಲ್ಲಿ ತಕರಾರು ಎತ್ತಿತು, ಕೊನೆಗೆ "ಉಳಿಯಬೇಕೇ, ಬಿಡಬೇಕೇ" ಅಂತ ಎರಡನ್ನೂ ಬರೆದರು. ಮುಂದಿನ ವರ್ಷ ಬಿಡಬೇಕು ಅಂದವರು ಶೇ. 51.9. ಇಷ್ಟು ಹತ್ತಿರದ ವಿಷಯದಲ್ಲಿ ಒಂದು ಪದಕ್ಕೂ ತೂಕ ಇದೆ.

ವಲಸೆಯಲ್ಲೂ ಹೀಗೇ. ಹೊರಗಿನಿಂದ ಬರುವವರು ಕಡಿಮೆ ಆಗಬೇಕೇ ಅಂತ ಒಟ್ಟಾಗಿ ಕೇಳಿದರೆ ಬಹಳ ಜನ ಹೌದು ಅನ್ನುತ್ತಾರೆ. ಡಾಕ್ಟರ್, ನರ್ಸ್ ಅಂತ ಕೆಲಸದ ಹೆಸರು ಹೇಳಿ ಕೇಳಿದರೆ ಅದೇ ಜನರಲ್ಲಿ ಎಷ್ಟೋ ಮಂದಿ, ಈಗಿನಷ್ಟೇ ಬರಲಿ ಅಥವಾ ಇನ್ನೂ ಬರಲಿ ಅನ್ನುತ್ತಾರೆ. ಆ ಸಾಲಿನ ಮೇಲೆ ನಾನು ಬೆರಳಿಟ್ಟು ತೋರಿಸಿದಾಗ ಅಕ್ಕ ಎರಡು ಸಲ ಓದಿದಳು.

"ಗೊತ್ತಿಲ್ಲ" ಅಂದವರನ್ನು ಬಿಟ್ಟು ಲೆಕ್ಕ ಹಾಕಿದ್ದಾರಾ ಅಂತಲೂ ನೋಡಿ. ಜನರ ಮನಸ್ಸು ಬದಲಾಗಿದೆಯಾ ತಿಳಿಯಬೇಕಾದರೆ ಒಂದೇ ಪ್ರಶ್ನೆಯನ್ನು ವರ್ಷಗಟ್ಟಲೆ ಕೇಳಿದ ಸಮೀಕ್ಷೆಯೇ ಬೇಕು, 1983ರಿಂದ ನಡೆಯುತ್ತಿರುವ ಬ್ರಿಟಿಷ್ ಸೋಷಿಯಲ್ ಆಟಿಟ್ಯೂಡ್ಸ್ ಅಂಥದ್ದು. ಜನರನ್ನು ಮಾತಾಡಿಸಿದ ತಾರೀಖು ಪಟ್ಟಿಯ ಮೇಲ್ಗಡೆ ಇರುತ್ತದೆ, ಅದನ್ನು ಮರೆಯಬೇಡಿ. ಅಕ್ಕನಿಗೆ ಬಂದಿದ್ದ ಸಮೀಕ್ಷೆ ನಡೆದಾಗ ಅವಳ ಮಗಳು ಇನ್ನೂ ಇಲ್ಲೇ ಓದುತ್ತಿದ್ದಳು.