ಎರಡು ಬೇರು, ಒಂದೇ ಗುರಾಣಿ: ನಿಮ್ಮ ಲಾಂಛನ ನೀವೇ ರೂಪಿಸಿ

ಅಪ್ಪನ ಕಡೆಯವರು ಒಂದು ದೇಶದವರು, ಅಮ್ಮನ ಕಡೆಯವರು ಇನ್ನೊಂದು ದೇಶದವರು. ಎರಡನ್ನೂ ಹೇಳುವ ಲಾಂಛನ, ಅಂದರೆ ಯುರೋಪಿನ ಪದ್ಧತಿಯಂತೆ ಗುರಾಣಿಯ ಚಿತ್ರದ ಮೇಲೆ ಬಿಡಿಸುವ ಗುರುತು, ಬೇಕು ಅಂದ ಕೂಡಲೇ ಜಾಸ್ತಿ ಜನ ಗುರಾಣಿಯ ನಡುವೆ ಗೆರೆ ಎಳೆದು, ಆ ಕಡೆ ಈ ಕಡೆ ಒಂದೊಂದು ಬಾವುಟ ಬಿಡಿಸುತ್ತಾರೆ. ಅದು ಫುಟ್‌ಬಾಲ್ ಪಂದ್ಯದ ಪೋಸ್ಟರ್‌ನಂತೆ ಕಾಣುತ್ತದೆ, ಅಷ್ಟೆ.

ಮೊದಲು ಪಟ್ಟಿ ಮಾಡಿ. ಎರಡೂ ಮನೆತನದ ಕಸುಬು, ಮರ, ಹಕ್ಕಿ, ಸಲಕರಣೆ ಎಲ್ಲ ಬರೆಯಿರಿ. ಆಮೇಲೆ ಒಂದಕ್ಕೊಂದು ಹೊಂದುವುದನ್ನು ಹುಡುಕಿ. ಒಂದು ಕಡೆ ಮೀನುಗಾರರು, ಇನ್ನೊಂದು ಕಡೆ ನೇಕಾರರು ಎಂದಿಟ್ಟುಕೊಳ್ಳಿ. ಬಲೆ ಹೆಣೆಯುವ ಸೂಜಿ, ಮಗ್ಗದ ಲಾಳಿ ಎರಡೂ ಉದ್ದ, ಎರಡೂ ನೂಲು ಹೊತ್ತು ಓಡುವಂಥವು. ಕತ್ತರಿಯಾಕಾರದಲ್ಲಿ ಒಂದರ ಮೇಲೊಂದು ಇಟ್ಟರೆ ಚಿತ್ರ ಸಿದ್ಧ. ನಡುವೆ ಗೆರೆಯೇ ಬೇಕಿಲ್ಲ.

ಪೂಜೆಗೆ ಸಂಬಂಧಿಸಿದ ಚಿಹ್ನೆಯಾದರೆ ಆ ಕಡೆಯ ಹಿರಿಯರನ್ನು ಒಂದು ಮಾತು ಕೇಳಿಯೇ ಮುಂದುವರಿಯಿರಿ.

ಇನ್ನು ಬಣ್ಣ. ಲಾಂಛನ ಶಾಸ್ತ್ರದಲ್ಲಿ ಹಳದಿ ಅಂದರೆ ಚಿನ್ನ, ಬಿಳಿ ಅಂದರೆ ಬೆಳ್ಳಿ. ಇವೆರಡು ಲೋಹಗಳು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಬಣ್ಣಗಳು. ಲೋಹದ ಮೇಲೆ ಲೋಹ, ಬಣ್ಣದ ಮೇಲೆ ಬಣ್ಣ ಇಡಬಾರದು. ಕಪ್ಪು ಗುರಾಣಿಯ ಮೇಲೆ ನೀಲಿ ಲಾಳಿ ಇಟ್ಟು ದೂರದಿಂದ ನೋಡಿ, ಕಾರಣ ತಿಳಿಯುತ್ತದೆ.

ಗುರಾಣಿಯಲ್ಲಿ ಹಿಡಿಸದ್ದನ್ನು ಸುಮ್ನೆ ತುರುಕಬೇಡಿ, ಹೊರಗೂ ಜಾಗ ಉಂಟು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬ್ರಿಟನ್ನಿನ ರಾಜಕುಮಾರ ಹ್ಯಾರಿಯನ್ನು ಮದುವೆಯಾದ ಮೇಗನ್ ಮಾರ್ಕಲ್‌ಗೆ 2018ರಲ್ಲಿ ಸಿಕ್ಕ ಲಾಂಛನದಲ್ಲಿ ಗುರಾಣಿಯ ಕೆಳಗಿನ ಹುಲ್ಲಿನ ನಡುವೆ ಕ್ಯಾಲಿಫೋರ್ನಿಯಾದ ಪಾಪಿ ಹೂವೂ ಇದೆ, ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯಲ್ಲಿ ಬೆಳೆಯುವ ವಿಂಟರ್‌ಸ್ವೀಟ್ ಹೂವೂ ಇದೆ. ಹೈಟಿಯಲ್ಲಿ ಹುಟ್ಟಿ ಕೆನಡಾದ ಗವರ್ನರ್ ಜನರಲ್ ಆದ ಮಿಶೆಲ್ ಜಾನ್ ಅವರ ಗುರಾಣಿಯ ಅಕ್ಕಪಕ್ಕ ನಿಂತವರು ಹೈಟಿಯ ಜಲದೇವತೆಯರಾದ ಸಿಂಬಿಗಳು.

ಚಿತ್ರವನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ ನೋಡಿ. ಗುರುತು ಸಿಗದಿದ್ದರೆ ಏನಾದರೂ ತೆಗೆಯಿರಿ.

ಕೊನೆಗೆ ಅದನ್ನು ಮಾತಿನಲ್ಲಿ ಬರೆದಿಡಿ: 'ನೀಲಿಯ ಮೇಲೆ, ಕತ್ತರಿಯಾಕಾರದಲ್ಲಿ ಚಿನ್ನದ ಲಾಳಿ ಮತ್ತು ಬಲೆಸೂಜಿ'. ಈ ಸಾಲೇ ಅಸಲಿ ಲಾಂಛನ. ಯಾವ ಕಲಾವಿದ ತನ್ನ ಶೈಲಿಯಲ್ಲಿ ಬಿಡಿಸಿದರೂ ಅದು ನಿಮ್ಮದೇ.

ಬಳಸುವ ಮುಂಚೆ ನೀವಿರುವ ದೇಶದ ಕಾನೂನು ನೋಡಿಕೊಳ್ಳಿ. ಸ್ಕಾಟ್ಲೆಂಡಿನಲ್ಲಿ ಲಾಂಛನಗಳ ಅಧಿಕಾರಿಯಾದ ಲಾರ್ಡ್ ಲಯನ್ ಬಳಿ ನೋಂದಾಯಿಸದ ಲಾಂಛನ ಬಳಸುವುದು ಅಪರಾಧ. ಇಂಗ್ಲೆಂಡಿನಲ್ಲಿ 1484ರಲ್ಲಿ ಶುರುವಾದ ಕಾಲೇಜ್ ಆಫ್ ಆರ್ಮ್ಸ್‌ಗೂ, ಕೆನಡಾದಲ್ಲಿ 1988ರ ಹೆರಾಲ್ಡಿಕ್ ಅಥಾರಿಟಿಗೂ ಲಾಂಛನ ಕೊಡಿ ಎಂದು ಅರ್ಜಿ ಹಾಕಬಹುದು, ಶುಲ್ಕ ಉಂಟು. 'ಅಡ್ಡಹೆಸರು (ಸರ್‌ನೇಮ್) ಹೇಳಿ, ಕುಲಲಾಂಛನ ಕೊಡುತ್ತೇವೆ' ಎನ್ನುವವರಿಗೆ ಮಾತ್ರ ದುಡ್ಡು ಕೊಡಬೇಡಿ. ಇಂಗ್ಲೆಂಡಿನ ಪದ್ಧತಿಯಲ್ಲಿ ಲಾಂಛನ ಪಡೆದವರಿಗೆ ಮತ್ತು ಅವರ ವಂಶಸ್ಥರಿಗೆ ಸೇರಿದ್ದು, ಅಡ್ಡಹೆಸರಿಗಲ್ಲ.