ತಾಯಿತ ಕಟ್ಟದ ಕ್ಲೈಮ್ಯಾಕ್ಸ್: ಸಣ್ಣ ಬಜೆಟ್ಟಿನ ಭಯದ ಚಿತ್ರವೊಂದರ ಸಂಕಲನ

ಭವಿಷ್ಯ ನುಡಿಯುವವನ ಸುತ್ತ ಹೆಣೆದ ಚಿತ್ರಗಳಿಗೆ ಒಂದು ಹುಟ್ಟುದೋಷವಿದೆ. ನುಡಿದದ್ದು ನಡೆದೇ ತೀರುವುದಾದರೆ ನಾಯಕ ಓಡುವುದೇಕೆ? ತಪ್ಪಿಸಿಕೊಳ್ಳಬಹುದಾದರೆ ನಾವು ಹೆದರುವುದೇಕೆ? ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಸಣ್ಣ ಬಜೆಟ್ಟಿನ ಕನ್ನಡ ಚಿತ್ರದ ಸಂಕಲನ ನನ್ನ ಪಾಲಿಗೆ ಬಂದಿತು. ಹೆಸರು ಬೇಡ, ನೋಡಿದವರೂ ಕಡಿಮೆ. ನಸುಕಿನಲ್ಲಿ ಬೀದಿಗೆ ಬಂದ ಬುಡುಬುಡಿಕೆಯವನು ಒಂದು ಮನೆಯ ಮುಂದೆ ನಿಂತು ಮೂರು ಸಾವುಗಳನ್ನು ನುಡಿದು ಹೋಗುತ್ತಾನೆ. ಎರಡು ಹಾಗೆಯೇ ನಡೆಯುತ್ತವೆ. ಮೂರನೆಯದು ನಾಯಕನ ಸರದಿ.

ಚಿತ್ರೀಕರಿಸಿ ತಂದಿದ್ದರಲ್ಲಿ ಈ ಬುಡುಬುಡಿಕೆಯವನು ಒಂದು ದೃಶ್ಯದಲ್ಲಿ ಪ್ರೇತ, ಇನ್ನೊಂದರಲ್ಲಿ ಕೊಲೆಗಾರ, ಮತ್ತೊಂದರಲ್ಲಿ ಪಾಪದ ಮುದುಕ. ಕೊನೆಗೆ ಅರ್ಚಕರೊಬ್ಬರು ಬಂದು ತಾಯಿತ ಕಟ್ಟಿದರೆ ಎಲ್ಲವೂ ಸುಖಾಂತ. ತಾಯಿತದಿಂದ ತಪ್ಪುವುದಾದರೆ ಮೊದಲ ಇಬ್ಬರಿಗೂ ಕಟ್ಟಬಹುದಿತ್ತಲ್ಲ ಎಂದು ನನ್ನ ಸಹಾಯಕಿ ಕೇಳಿದಳು. ಪ್ರೇಕ್ಷಕರು ಅಷ್ಟೆಲ್ಲ ಯೋಚಿಸುವುದಿಲ್ಲ ಎಂದರು ನಿರ್ದೇಶಕರು. ಭಯದ ಚಿತ್ರ ನೋಡುವವರಷ್ಟು ಯೋಚಿಸುವವರು ಬೇರೆ ಯಾರೂ ಇಲ್ಲ. ಹೆದರಿಕೆ ಹುಟ್ಟದಿದ್ದಾಗ ಕತ್ತಲಲ್ಲಿ ಕುಳಿತವರಿಗೆ ಬೇರೇನು ಕೆಲಸ?

ವಾದದಲ್ಲಿ ನನ್ನ ನೆರವಿಗೆ ಬಂದದ್ದು ಮಹಾಭಾರತದ ಆದಿಪರ್ವ. ಪರೀಕ್ಷಿತನಿಗೆ ಏಳನೆಯ ದಿನ ತಕ್ಷಕನಿಂದ ಸಾವು. ಕೇಳುವವರಿಗೆ ಇದು ಮೊದಲೇ ಗೊತ್ತು. ಒಂಟಿ ಕಂಬದ ಮೇಲೆ ಅರಮನೆ, ಸುತ್ತ ಕಾವಲು, ವಿಷವೈದ್ಯರು. ಹಾವು ಯಾವ ದಾರಿಯಿಂದ ಒಳಬಂದೀತು ಎಂಬುದೇ ಅಲ್ಲಿನ ಕುತೂಹಲ. ಅದು ಹಣ್ಣಿನೊಳಗಿನ ಹುಳುವಾಗಿ ಬರುತ್ತದೆ. ನನ್ನನ್ನು ಇದಕ್ಕಿಂತ ಹೆಚ್ಚು ನಡುಗಿಸುವವನು ಕಾಶ್ಯಪ. ತಕ್ಷಕ ಕಚ್ಚಿ ಬೂದಿ ಮಾಡಿದ ಆಲದ ಮರವನ್ನೇ ಮತ್ತೆ ಚಿಗುರಿಸಿದ ಬ್ರಾಹ್ಮಣ, ರಾಜನನ್ನು ಉಳಿಸಲೆಂದು ಹೊರಟವನು, ತಕ್ಷಕ ಕೊಟ್ಟ ಧನ ತೆಗೆದುಕೊಂಡು ಅರ್ಧ ದಾರಿಯಿಂದ ಮರಳುತ್ತಾನೆ. ಮದ್ದು ಇತ್ತು, ತಲುಪಲಿಲ್ಲ.

ಮರುಚಿತ್ರೀಕರಣಕ್ಕೆ ದುಡ್ಡಿರಲಿಲ್ಲ. ಇದ್ದ ದೃಶ್ಯಗಳಲ್ಲೇ ಅರ್ಚಕರನ್ನು ಕಾಶ್ಯಪನನ್ನಾಗಿಸಿದೆ. ಅವರು ತಾಯಿತ ಹಿಡಿದು ಸ್ಕೂಟರ್ ಏರುವುದು, ದಾರಿಯಲ್ಲಿ ಫೋನಿಗೆಂದು ನಿಲ್ಲುವುದು ಉಳಿಯಿತು. ಕಟ್ಟುವ ಶಾಟ್ ಹೋಯಿತು. ಬಾಗಿಲು ತಟ್ಟಿದ ಸದ್ದಾಗುತ್ತದೆ, ನಾಯಕ ಏಳುತ್ತಾನೆ, ಚಿತ್ರ ಮುಗಿಯುತ್ತದೆ. ವಿಧಿ ಎಂದರೇನು ಎಂದು ಅರ್ಚಕರು ಕೊಡುತ್ತಿದ್ದ ದೀರ್ಘ ಪ್ರವಚನವೂ ಕತ್ತರಿಗೆ ಬಿತ್ತು. ಬುಡುಬುಡಿಕೆಯವನ ಮುಖವನ್ನು ಮೊದಲ ದೃಶ್ಯದ ನಂತರ ಎಲ್ಲಿಯೂ ಇಡಲಿಲ್ಲ. ಹಾಲಕ್ಕಿಯೆಂದು ಗ್ರಾಫಿಕ್ಸ್‌ನಲ್ಲಿ ಮಾಡಿದ್ದ ಗೂಬೆ ಮೇಣದ ಬೊಂಬೆಯಂತಿತ್ತು. ಅದರ ಕೂಗು ಮಾತ್ರ ಸಾಕಾಯಿತು.

ರಾತ್ರಿಯ ದೃಶ್ಯಗಳನ್ನು ಹಗಲಿನಲ್ಲೇ ಚಿತ್ರೀಕರಿಸಿದ್ದರು. ಅದರಲ್ಲಿ ಅವಮಾನವೇನಿಲ್ಲ, ಜನರೇಟರ್ ಬಾಡಿಗೆ ಎಲ್ಲರಿಗೂ ಎಟುಕುವುದಿಲ್ಲ. ಆದರೆ ಆರಿಸಿಕೊಂಡದ್ದು ಬೆಂಗಳೂರಿನ ಹೊರವಲಯದಲ್ಲಿ ಏಪ್ರಿಲ್ ಕೊನೆಯ ವಾರದ ಮಟಮಟ ಮಧ್ಯಾಹ್ನ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಈ ಊರಿನಲ್ಲಿ ಆಗ 12.20ರ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ನೆರಳೆಲ್ಲ ಪಾದದಡಿ, ಕಣ್ಣುಗಳು ಹುಬ್ಬಿನ ಕತ್ತಲಲ್ಲಿ. ಹಗಲನ್ನು ಇರುಳಾಗಿಸಬೇಕಾದರೆ ಸೂರ್ಯ ಪಾತ್ರಗಳ ಬೆನ್ನ ಹಿಂದೆ ತಗ್ಗಿನಲ್ಲಿರಬೇಕು, ಆಕಾಶ ಚೌಕಟ್ಟಿಗೆ ಬರಬಾರದು. ನೀಲಿ ಛಾಯೆ ಬಳಿದ ಮಾತ್ರಕ್ಕೆ ಬೆಳದಿಂಗಳಾಗುವುದಿಲ್ಲ. ಆಕಾಶ ಕಂಡ ಶಾಟ್‌ಗಳನ್ನೆಲ್ಲ ಕಿತ್ತುಹಾಕಿದೆ. 4ಕೆಯಲ್ಲಿ ಚಿತ್ರೀಕರಿಸಿ ಅದರ ಅರ್ಧದಷ್ಟೇ ಅಗಲದ 2ಕೆಯಲ್ಲಿ ಬಿಡುಗಡೆ ಮಾಡುತ್ತಿದ್ದರಿಂದ, ಉಳಿದವನ್ನು ಸ್ಪಷ್ಟತೆ ಕೆಡದಂತೆ ಹಿಗ್ಗಿಸಿ ನೆರಳನ್ನು ಚೌಕಟ್ಟಿನ ಹೊರಗೆ ತಳ್ಳಲು ಸಾಧ್ಯವಾಯಿತು. ಆದರೂ ಆ ಭಾಗ ಸೊರಗಿಯೇ ಉಳಿಯಿತು.

ಸದ್ದಿನಲ್ಲಿ ಮಾತ್ರ ನಾವು ಗೆದ್ದೆವೆಂದು ಹೇಳಬಲ್ಲೆ. ಸಂಭಾಷಣೆಯೆಲ್ಲ ಡಬ್ಬಿಂಗ್ ಕೊಠಡಿಯದು, ಮನೆಯ ಮೌನವನ್ನು ಯಾರೂ ಮುದ್ರಿಸಿಕೊಂಡಿರಲಿಲ್ಲ. ಮಾತು ನಿಂತೊಡನೆ ಲೋಕವೇ ನಿಂತಂತಾಗುತ್ತಿತ್ತು. ಆ ಹಳ್ಳ ತುಂಬಲು ಮೊದಲಿನಿಂದ ಕೊನೆಯವರೆಗೆ ಹಿನ್ನೆಲೆ ಸಂಗೀತ ಸುರಿದಿದ್ದರು. ಸಹಾಯಕಿಯನ್ನು ಅದೇ ಮನೆಗೆ ರಾತ್ರಿ ಕಳುಹಿಸಿ ಫ್ಯಾನಿನ ಗಿರಕಿ, ಫ್ರಿಜ್ಜಿನ ಗುಂಯ್‌ಗುಡುವಿಕೆ, ಸೋರುವ ನಲ್ಲಿಯ ಸದ್ದನ್ನು ಧ್ವನಿಮುದ್ರಿಸಿ ತರಿಸಿದೆ. ಅವನ್ನು ಹಾಸಿದ ಮೇಲೆ ಸಂಗೀತದ ಬಹುಪಾಲು ತೆಗೆದುಹಾಕಿದೆವು. ಇನ್ನು ಬುಡುಬುಡಿಕೆಯ ಸದ್ದು: ಮೊದಲ ಸಲ ಬೀದಿಯಿಂದ, ಎರಡನೆಯ ಸಲ ಹಿತ್ತಲಿನಿಂದ, ಮೂರನೆಯ ಸಲ ನಡುಮನೆಯಿಂದ. ಪರೀಕ್ಷಾ ಪ್ರದರ್ಶನದಲ್ಲಿ ಜನ ತಿರುಗಿ ನೋಡಿದ್ದು ಅಲ್ಲಿಯೇ. ಅದಕ್ಕೆ ತಗಲಿದ ಖರ್ಚು ಒಂದು ಬುಡುಬುಡಿಕೆಯ ಬೆಲೆ.

ಚಿತ್ರಮಂದಿರಗಳಿಂದ ಚಿತ್ರ ಬೇಗನೆ ಹೊರಬಿತ್ತು. ಟಿವಿಗೆ ಮಾರುವಾಗ ನಿರ್ಮಾಪಕರು ಶುಭವಾದ ಕೊನೆ ಬೇಕೆಂದು ಹಟ ಹಿಡಿದರು. ಆ ಪ್ರತಿಯಲ್ಲಿ ಅರ್ಚಕರು ಬಂದು ತಾಯಿತ ಕಟ್ಟುತ್ತಾರೆ.